ಡೇರೆಯ ಋಣ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಡೇರೆ ಹಾಕಿ ನೋಡು ಎಂಬ ಮಾತನ್ನು ಅವರು ಅದಕ್ಕೆ ಸೇರಿಸಲಿಲ್ಲ. ಒಂದು ರಾತ್ರಿಯ ಮನೆಗೆ ಇಷ್ಟೇಕೆ ಉಪಚಾರವೆಂದು ಬಿಟ್ಟಿರಬೇಕು. ಆ ಒಂದು ರಾತ್ರಿಯ ಬೆಲೆ ಎಷ್ಟೆಂಬುದನ್ನು ನಾನು 1971ರ ಅಕ್ಟೋಬರಿನಲ್ಲಿ ಕಲಿತೆ.

ಆಗ ನಾನು ಹೈಸ್ಕೂಲೊಂದರಲ್ಲಿ ಉಪಾಧ್ಯಾಯ. ರಜೆಯಲ್ಲಿ ಆರು ಮಂದಿ ಬಾಲಕರನ್ನು ಕರೆದುಕೊಂಡು ಮುಳ್ಳಯ್ಯನಗಿರಿಯ ಇಳಿಜಾರಿಗೆ ಹೋದೆ. 6,300 ಅಡಿಗಳಿಗೂ ಮಿಗಿಲಾದ ಆ ಗಿರಿ ನಮ್ಮ ನಾಡಿನ ಬೆಟ್ಟಗಳಲ್ಲೆಲ್ಲ ಎತ್ತರವಾದುದು.

ಡೇರೆ ಹಾಕುವ ವಿದ್ಯೆಯಲ್ಲಿ ನನಗೆ ಹೆಮ್ಮೆಯಿತ್ತು. ತಗ್ಗನ್ನು ಬಿಟ್ಟು, ನೀರು ಹರಿದುಹೋಗುವಂಥ ತುಸು ಎತ್ತರದ ನೆಲವನ್ನು ಆರಿಸಿದೆ. ಕಲ್ಲುಮುಳ್ಳು ಹೆಕ್ಕಿಸಿ, ಗಾಳಿಗೆ ಬೆನ್ನಾಗುವಂತೆ ಬಾಗಿಲನ್ನು ಮರೆಯ ಕಡೆಗೆ ಇಟ್ಟೆ. ಗೂಟವನ್ನು ನೆಟ್ಟಗೆ ಹೊಡೆಯಬಾರದು. ತಲೆ ಡೇರೆಯಿಂದ ಆಚೆಗೆ ವಾಲುವಂತೆ ಓರೆಯಾಗಿ ಹೊಡೆದರೆ ಹಗ್ಗ ಜಗ್ಗಿದರೂ ಅದು ನೆಲವನ್ನು ಬಿಡುವುದಿಲ್ಲ. ನಾರಿನ ಹಗ್ಗ ನೆನೆದರೆ ಕುಗ್ಗುತ್ತದೆ. ಆದುದರಿಂದ ಮಲಗುವ ಮುನ್ನ ಅದನ್ನು ಒಂದಿಷ್ಟು ಸಡಿಲಿಸಬೇಕು. ಹತ್ತಿಯ ಕ್ಯಾನ್ವಾಸಿನ ಗುಟ್ಟನ್ನೂ ಹುಡುಗರಿಗೆ ಹೇಳಿದೆ: ನೆನೆದ ನೂಲು ಉಬ್ಬಿ ನೇಯ್ಗೆಯ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ; ಮಳೆಯ ಹೊತ್ತಿನಲ್ಲಿ ಒಳಗಿನಿಂದ ಬೆರಳು ತಾಗಿಸಿದರೆ ಅಲ್ಲಿಂದ ನೀರು ತೊಟ್ಟಿಕ್ಕುತ್ತದೆ.

ಹೇಳದೆ ಬಿಟ್ಟದ್ದು ಒಂದೇ. ಜೂನ್ ತಿಂಗಳ ಶಿಬಿರದಿಂದ ಹಿಂದಿರುಗಿದ ದಿನ ಅದೇ ಡೇರೆ ಒದ್ದೆಯಾಗಿತ್ತು. ನಾಳೆ ಒಣಗಿಸಿದರಾಯಿತೆಂದು ಮಡಿಸಿ ಶಾಲೆಯ ಉಗ್ರಾಣದಲ್ಲಿಟ್ಟಿದ್ದೆ. ಆ ನಾಳೆ ಬರಲಿಲ್ಲ. ಗಿರಿಯ ಮೇಲೆ ಬಿಚ್ಚಿದಾಗ ಮಡಿಕೆಗಳಲ್ಲಿ ಕಪ್ಪು ಚುಕ್ಕೆಗಳಿದ್ದುವು, ಮುಗ್ಗಲು ವಾಸನೆಯಿತ್ತು. ನೋಡಿದೆ, ನೋಡದವನಂತೆ ಹಗ್ಗ ಬಿಗಿದೆ.

ನಡುರಾತ್ರಿಗೆ ಮಳೆ ಹಿಡಿಯಿತು. ಗೂಟಗಳು ಕದಲಲಿಲ್ಲ, ಹಗ್ಗ ಹರಿಯಲಿಲ್ಲ. ಬೂಷ್ಟು ತಿಂದ ಮಡಿಕೆಯ ಉದ್ದಕ್ಕೂ ಬಟ್ಟೆ ಮಾತ್ರ ಹಳೆಯ ಕಾಗದದಂತೆ ಸೀಳಿತು. ಎಲ್ಲರೂ ತೊಯ್ದೆವು. ಅತಿ ಚಿಕ್ಕ ಹುಡುಗ ಮೊದಲು ನಡುಗಿದ. ಆಮೇಲೆ ನಡುಕ ನಿಂತು, ಕೇಳಿದ್ದಕ್ಕೆ ತೊದಲತೊಡಗಿದ. ಚಳಿಯಲ್ಲಿ ಹೀಗೆ ನಡುಕ ನಿಲ್ಲುವುದು ಗುಣದ ಲಕ್ಷಣವಲ್ಲ, ಅಪಾಯದ ಲಕ್ಷಣ. ಅವನನ್ನು ಹೊತ್ತು, ಉಳಿದವರನ್ನು ಕೈಹಿಡಿದು, ಕತ್ತಲಲ್ಲಿ ಕಾಫಿ ತೋಟದ ಕೂಲಿಯವರ ಮನೆಗಳವರೆಗೆ ಇಳಿದೆ. ಅಲ್ಲಿ ಒಬ್ಬ ತಾಯಿ ಅವನ ಒದ್ದೆ ಬಟ್ಟೆ ಕಳಚಿ, ಕಂಬಳಿ ಸುತ್ತಿ, ಮಾತು ಸರಿಹೋದ ಮೇಲೆ ಬೆಲ್ಲದ ಕಾಫಿಯನ್ನು ಗುಟುಕು ಗುಟುಕಾಗಿ ಕುಡಿಸಿದಳು.

“ಮಕ್ಕಳನ್ನ ಕರ್ಕೊಂಡು ಬರೋವಾಗ ಎಲ್ಲಾ ನೋಡ್ಕೊಂಡು ಬರಬಾರದಾ ಮೇಷ್ಟ್ರೇ?” ಎಂದಷ್ಟೇ ಕೇಳಿದಳು. ನಾನು ಉತ್ತರ ಕೊಡಲಿಲ್ಲ.

ಬೆಳಗಿಗೆ ಹುಡುಗ ಚೇತರಿಸಿಕೊಂಡ. ಶಾಲೆಗೆ ಬರೆದ ವರದಿಯಲ್ಲಿ ಡೇರೆ ಬಿರುಗಾಳಿಗೆ ಹರಿಯಿತೆಂದು ಬರೆದೆ. ಹುಡುಗನ ತಂದೆ ಬಂದು, ಮಗನನ್ನು ಉಳಿಸಿಕೊಟ್ಟಿರೆಂದು ಕೈಮುಗಿದರು. ಆ ನಮಸ್ಕಾರವನ್ನು ನಾನು ಸ್ವೀಕರಿಸಿಬಿಟ್ಟೆ. ಅಂದಿನಿಂದ ಅದು ನನ್ನ ಬಳಿ ಸಾಲವಾಗಿಯೇ ಉಳಿದಿದೆ.

ಈಗ ಬೆಟ್ಟ ಹತ್ತುವ ಸರದಿ ಮೊಮ್ಮಗನದು. ಅವನ ಡೇರೆ ಒಂದು ಕೈಚೀಲದಲ್ಲಿ ಅಡಗುತ್ತದೆ. “ಇದು ನೈಲಾನ್, ತಾತ. ಕೊಳೆಯುವುದಿಲ್ಲ” ಎನ್ನುತ್ತಾನೆ. ಮಾತು ನಿಜ, ಆದರೆ ಅರ್ಧ ನಿಜ. ನೈಲಾನ್ ಕೊಳೆಯದಿದ್ದರೂ, ನೀರು ತಡೆಯಲೆಂದು ಅದಕ್ಕೆ ಬಳಿದಿರುವ ಲೇಪ ತೇವದಲ್ಲಿ ಕೆಟ್ಟು ಅಂಟಂಟಾಗಿ ಸುಲಿಯುತ್ತದೆ. ಒಣಗಲೆಂದು ದಿನಗಟ್ಟಲೆ ಬಿಸಿಲಿಗೆ ಹಾಕಿದರೆ ನೂಲಿನ ಕಸುವು ಇಳಿಯುತ್ತದೆ. ಮಣ್ಣನ್ನು ತಣ್ಣೀರಿನ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಗಾಳಿಗೆ ಹರಡಿ, ಹೊಲಿಗೆಯ ಸಂದುಗಳೂ ಒಣಗಿದ ಮೇಲೆ ಸಡಿಲವಾಗಿ ಸುತ್ತಿಡಬೇಕು. ಪ್ರತಿಸಲವೂ ಅದೇ ಮಡಿಕೆಯಲ್ಲಿ ಮಡಿಸಬಾರದು. ಡೇರೆ ಹಾಕುವ ಕೆಲಸ ಬೆಟ್ಟದ ಮೇಲೆ ಅರ್ಧ ಗಂಟೆಯದು. ಅದನ್ನು ಕಾಪಾಡುವ ಕೆಲಸವೆಲ್ಲ ಮನೆಯಲ್ಲಿ, ಯಾರೂ ನೋಡದಿರುವಾಗ ನಡೆಯತಕ್ಕದ್ದು.

ಮೊನ್ನೆ ಅವನು ಮಳೆಯಲ್ಲಿ ತೊಯ್ದು ಬಂದ. “ದಣಿದಿದ್ದೇನೆ ತಾತ, ನಾಳೆ ಒಣಗಿಸುತ್ತೇನೆ” ಎಂದ. ಆಗ ಅವನನ್ನು ಕೂರಿಸಿಕೊಂಡು, ಮನೆಯಲ್ಲಿ ಯಾರಿಗೂ ಹೇಳದಿದ್ದ ಆ ರಾತ್ರಿಯ ಸಂಗತಿಯನ್ನು ಬಿಡದೆ ಹೇಳಿದೆ. ವರದಿಯ ಸುಳ್ಳನ್ನೂ ಹೇಳಿದೆ. ಅವನು ಮಾತನಾಡಲಿಲ್ಲ. ಎದ್ದು ಚೀಲ ಬಿಚ್ಚಿದ. ಡೇರೆಯ ಒಂದು ತುದಿಯನ್ನು ಅವನು ಹಿಡಿದ, ಇನ್ನೊಂದನ್ನು ನಾನು ಹಿಡಿದೆ. ಅದನ್ನು ಜಗಲಿಯ ಮೇಲೆ ಹರಡಿದ ಮೇಲೆಯೇ ಇಬ್ಬರೂ ಊಟಕ್ಕೆ ಕುಳಿತೆವು.