ಮಾಸಿನಿಂದ ಬಂದ ಮದ್ದು

ಹೆರಿಗೆಯಾದ ಮೇಲೆ ಎಸೆಯೋ ಮಾಸಿನಿಂದ
ಮದ್ದು ತೆಗೀಬಹುದಾ?

ತೆಗೆದಿದ್ದಾರೆ!
ಅಮೆರಿಕದ ಬಾಸ್ಟನ್ನಿನಲ್ಲಿ,
1981ರಲ್ಲಿ ಶುರುವಾದ ಜೆನ್‌ಝೈಮ್ ಕಂಪನಿಯವರು.

ಆ ಮದ್ದು ಗೋಶೆ ಅನ್ನೋ ಕಾಯಿಲೆಗೆ. ತೀರಾ ಅಪರೂಪ.

ನಿಮ್ಮ ಬೀದಿಗೆ ಕಸದ ಗಾಡಿ ಬರೋದೇ ನಿಂತರೆ?
ಇಲ್ಲೂ ಹಾಗೇ.
ಕೊಬ್ಬು ಒಡೆಯೋ ಒಂದು ಕಿಣ್ವ ಸಾಲದೆ,
ಗುಲ್ಮದಲ್ಲಿ, ಲಿವರ್‌ನಲ್ಲಿ, ಮೂಳೆಯೊಳಗೆ
ಕೊಬ್ಬು ರಾಶಿ ಬೀಳುತ್ತೆ.
ಹೊಟ್ಟೆ ಊದುತ್ತೆ. ಮೂಳೆ ಸವೆಯುತ್ತೆ.

ಆ ಕಿಣ್ವ ಮಾಸಿನಲ್ಲಿ ಸಿಕ್ಕಿತು.
ಆದರೆ ಒಬ್ಬ ರೋಗಿಗೆ, ಒಂದು ವರ್ಷಕ್ಕೆ,
ಸಾವಿರಾರು ಮಾಸು ಬೇಕು!

1991ರಲ್ಲಿ ಮದ್ದಿಗೆ ಅನುಮತಿ.
1994ರಲ್ಲಿ ಮಾಸೇ ಬೇಡದ ಮದ್ದು ಬಂತು.
ಲ್ಯಾಬ್‌ನಲ್ಲಿ ಬೆಳೆಸಿದ ಜೀವಕೋಶಗಳೇ ಕಿಣ್ವ ತಯಾರಿಸಿದವು.

ಬೆಲೆ? ವರ್ಷಕ್ಕೆ ಲಕ್ಷಾಂತರ ಡಾಲರ್.

ಭಾರತದಲ್ಲಿ ಅಪರೂಪದ ಕಾಯಿಲೆಗೆ
ಕೇಂದ್ರ ಸರ್ಕಾರ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ಕೊಡುತ್ತೆ.
ಜೀವನಪೂರ್ತಿ ಬೇಕಾದ ಮದ್ದಿಗೆ,
ಅದು ಸಾಲದು.