ಎಳೆ ತೇಗದ ಮರ, ಕೊಟ್ಟಿಗೆಗೆ ಸೂರು



ರಾಗಿ ಪೈರು ಒತ್ತಾಗಿ ಬಂದರೆ ಏನು ಮಾಡುತ್ತೀರಿ? ಕುಂಟೆ ಹೊಡೆದು ತೆಳು ಮಾಡುತ್ತೀರಿ. ತೇಗದ ತೋಪಿಗೂ ಇದೇ ನ್ಯಾಯ. ಎರಡು ಮೀಟರಿಗೊಂದರಂತೆ ನೆಟ್ಟರೆ ಎಕರೆಗೆ ಸುಮಾರು 1,000 ಗಿಡ. ಅಷ್ಟೂ ದಪ್ಪವಾಗಲಾರವು. ಐದನೇ ವರ್ಷದ ಸುಮಾರಿಗೆ ಒಮ್ಮೆ, ಹತ್ತರ ಸುಮಾರಿಗೆ ಇನ್ನೊಮ್ಮೆ ನಡುನಡುವಿನ ಗಿಡ ತೆಗೆದರೆ ಉಳಿದವಕ್ಕೆ ಬಿಸಿಲು, ನೀರು ಸಿಕ್ಕುತ್ತದೆ. ಕಡಿಯುವ ಮುನ್ನ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ ಅನುಮತಿ ಪಡೆಯಿರಿ.

ತೆಗೆದ ಮರ ಏನು ಮಾಡೋದು? "ಒಲೆಗೆ ಹಾಕ್ತೀವಿ ಸ್ವಾಮಿ" ಅನ್ನುವವರೇ ಹೆಚ್ಚು. ಅದೇ ಮನೆಯವರು ಕೊಟ್ಟಿಗೆಯ ಮಾಡಿಗೆ ಪೇಟೆಯಿಂದ ದುಡ್ಡು ಕೊಟ್ಟು ಮರ ತರುತ್ತಾರೆ! ಇನ್ನು ಕೆಲವರು, "ತೇಗ ಅಂದ ಮೇಲೆ ಹುಳ ಬೀಳೋದಿಲ್ಲ" ಎಂದು ನಂಬಿ ಹಸಿಮರವನ್ನೇ ಜಂತಿಗೆ ಏರಿಸುತ್ತಾರೆ. ಸ್ವಲ್ಪ ಕಾಲದಲ್ಲೇ ಜಂತಿಯಿಂದ ಹಿಟ್ಟು ಉದುರತೊಡಗುತ್ತದೆ.

ಕಾರಣ ಕೇಳಿ. ತೇಗದಲ್ಲಿ ಬಾಳುವುದು ಒಳಗಿನ ಚೇಗು. ಎಳೆ ಮರದಲ್ಲಿ ಚೇಗು ಕಡಿಮೆ, ಹೊರಗಿನ ಬಿಳಿ ಭಾಗ ಹೆಚ್ಚು. ಅದರಲ್ಲಿರುವ ಪಿಷ್ಟವೇ ಕುಟ್ಟೆ ಹುಳಕ್ಕೆ ಆಹಾರ. ಆ ಬಿಳಿ ಭಾಗಕ್ಕೆ ಮದ್ದು ಹಿಡಿಸಬೇಕು.

ಕಡಿದ ಕೂಡಲೆ, ಮರ ಹಸಿಯಿರುವಾಗಲೇ ತೊಗಟೆ ಸುಲಿಯಿರಿ. ಗುಂಡಿ ತೆಗೆದು ತೂತಿಲ್ಲದ ಟಾರ್ಪಾಲು ಹಾಸಿ. 100 ಲೀಟರ್ ನೀರಿಗೆ 2 ಕಿಲೋ ಬೋರಿಕ್ ಆಮ್ಲ, 3 ಕಿಲೋ ಬಿಳಿಗಾರ, ಅಂದರೆ ಬೋರಾಕ್ಸ್, ಕರಗಿಸಿ ತುಂಬಿ. ಮರ ತೇಲದಂತೆ ಕಲ್ಲು ಹೇರಿ ಎರಡು ವಾರ ಮುಳುಗಿಸಿಡಿ. ಮಕ್ಕಳು, ದನಕರು ಅತ್ತ ಸುಳಿಯಬಾರದು. ಉಳಿದ ನೀರನ್ನು ಬಾವಿ, ಕೆರೆಯ ಕಡೆ ಚೆಲ್ಲಬೇಡಿ. ಆಮೇಲೆ ನೆರಳಿನಲ್ಲಿ, ನಡುವೆ ಅಡ್ಡಪಟ್ಟಿ ಇಟ್ಟು ಒಟ್ಟಿ, ಎರಡು ಮೂರು ತಿಂಗಳು ನಿಧಾನವಾಗಿ ಒಣಗಿಸಿ.

ಈ ಮದ್ದು ಮಳೆನೀರಿಗೆ ತೊಳೆದುಹೋಗುತ್ತದೆ. ಆದ್ದರಿಂದ ಮಾಡಿನ ಕೆಳಗಿನ ಜಂತಿ, ತೊಲೆಗಳಿಗಷ್ಟೇ ಬಳಸಿ. ಬೇಲಿಗೂ ಬೇಡ, ದನ ನೆಕ್ಕುವ ಗೋದಲಿಗೂ ಬೇಡ. ಮರವನ್ನು ಕೊಯ್ಯಿಸದೆ ದುಂಡಗೇ ಹಾಕಿ. ಕೊಯ್ದರೆ ನಾರು ತುಂಡಾಗಿ ಬಲ ಕುಂದುತ್ತದೆ. ಎರಡನೇ ಸಲ ತೆಗೆದ ದಪ್ಪ ಮರ ಕಂಬಕ್ಕಾದೀತು. ಆದರೆ ನೆಲದಲ್ಲಿ ಹೂಳಬೇಡಿ, ಮಣ್ಣು ಮುಟ್ಟಿದಲ್ಲೇ ಮೊದಲು ಕೊಳೆಯುವುದು. ಒಂದಡಿ ಎತ್ತರದ ಕಲ್ಲಿನ ಮೇಲೆ ನಿಲ್ಲಿಸಿ, ಕಬ್ಬಿಣದ ಪಟ್ಟಿಯಿಂದ ಬಿಗಿಯಿರಿ.

ಈ ಸಲ ತೋಪಿಗೆ ಕೊಡಲಿ ಒಯ್ಯುವ ಮುನ್ನ ಕೊಟ್ಟಿಗೆಯ ಅಳತೆ ಹಿಡಿದು, ಎಷ್ಟು ಜಂತಿ ಬೇಕೆಂದು ಲೆಕ್ಕ ಹಾಕಿಕೊಳ್ಳಿ. ಕೊಟ್ಟಿಗೆಗೆ ಬೇಕಾದ್ದು ತೆಗೆದಿಟ್ಟು, ಮಿಕ್ಕ ಚೂರುಪಾರು ಒಲೆಗಿರಲಿ.