ಊರು ಮಲಗಿದಾಗ ಎದ್ದಿರುವವರು

ಸಂಜೆ ಏಳು ಗಂಟೆ. ನಮ್ಮ ಬೀದಿಯ ಮನೆಮನೆಗಳಲ್ಲಿ ದೇವರ ಮುಂದೆ ದೀಪ ಹಚ್ಚುವ ಹೊತ್ತು. ಆಫೀಸಿನಿಂದ ಹಿಂದಿರುಗಿದವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗ ನಮ್ಮ ಮನೆಯಲ್ಲಿ ಒಬ್ಬರು ಚಪ್ಪಲಿ ಮೆಟ್ಟಿ ಹೊರಡುತ್ತಾರೆ. ಆಕೆ ನನ್ನ ಪತ್ನಿ. ಬೆಂಗಳೂರಿನ ದೊಡ್ಡದೊಂದು ಆಸ್ಪತ್ರೆಯಲ್ಲಿ ದಾದಿ. ತಿಂಗಳಲ್ಲಿ ಹತ್ತು ಹನ್ನೆರಡು ದಿನ ಆಕೆಗೆ ರಾತ್ರಿಪಾಳಿ. ರಾತ್ರಿ ಎಂಟಕ್ಕೆ ವಾರ್ಡನ್ನು ವಹಿಸಿಕೊಂಡರೆ ಮತ್ತೆ ಬೇರೊಬ್ಬರಿಗೆ ಒಪ್ಪಿಸುವುದು ಬೆಳಿಗ್ಗೆ ಎಂಟಕ್ಕೆ.

ನಾನು ಕನ್ನಡದ ಅಧ್ಯಾಪಕ. ಉತ್ತರಪತ್ರಿಕೆಗಳನ್ನು ತಿದ್ದುವ ದಿನಗಳನ್ನು ಬಿಟ್ಟರೆ ನನ್ನ ಉದ್ಯೋಗದಲ್ಲಿ ರಾತ್ರಿಗೆ ಸ್ಥಾನವಿಲ್ಲ. ಗುಡಾಕೇಶನೆಂದರೆ ನಿದ್ರೆಯನ್ನು ಗೆದ್ದವನು, ಅರ್ಜುನ ಎಂದು ತರಗತಿಯಲ್ಲಿ ವರ್ಷವರ್ಷವೂ ಅರ್ಥ ಹೇಳುತ್ತ ಬಂದವನಿಗೆ, ನಿದ್ರೆಯನ್ನು ಗೆಲ್ಲುವುದು ಎಷ್ಟು ಕಠಿಣವೆಂಬುದು ಮದುವೆಯಾಗಿ ಆರು ವರ್ಷಗಳಾದರೂ ತಿಳಿದಿರಲಿಲ್ಲ. ತಿಳಿದದ್ದು ಒಂದು ಬೆಳಿಗ್ಗೆ.

ಅಂದು ಆಕೆ ಬಂದವಳೇ ಚೀಲವನ್ನು ಕೆಳಗಿಟ್ಟು ಅಡುಗೆಮನೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಮುಖ ಬಾಡಿತ್ತು. ಏನಾಯಿತೆಂದು ಕೇಳಿದೆ.

"ನಾಲ್ಕು ಗಂಟೆಗೆ ಒಬ್ಬ ರೋಗಿಗೆ ಚುಚ್ಚುಮದ್ದು ಕೊಡುವುದಿತ್ತು. ಸಿರಿಂಜಿನಲ್ಲಿ ಔಷಧ ತುಂಬಿಕೊಂಡು ಹಾಸಿಗೆಯ ಹತ್ತಿರಕ್ಕೂ ಹೋಗಿದ್ದೆ. ಏಕೋ ಏನೋ, ಚೀಟಿಯನ್ನು ಇನ್ನೊಮ್ಮೆ ಓದಿದೆ. ನನ್ನ ಕೈಯಲ್ಲಿದ್ದುದು ಪಕ್ಕದ ಹಾಸಿಗೆಯವರ ಔಷಧ."

"ಓದಿದೆಯಲ್ಲ, ಏನೂ ಅನಾಹುತವಾಗಲಿಲ್ಲವಲ್ಲ."

"ಓದದೆ ಇದ್ದಿದ್ದರೆ?" ಎಂದಳು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಹಿಂದಿನ ದಿನ ಆಕೆ ಎಷ್ಟು ಹೊತ್ತು ಮಲಗಿದ್ದಳೆಂದು ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ಒಂಬತ್ತಕ್ಕೆ ಮನೆಗೆ ಬಂದು, ಮಗುವನ್ನು ಶಾಲೆಗೆ ಕಳುಹಿಸಿ, ಮಧ್ಯಾಹ್ನದ ಅಡುಗೆ ಮುಗಿಸಿ ಒರಗಿದಾಗ ಹನ್ನೊಂದು. ಹನ್ನೆರಡಕ್ಕೆ ಗ್ಯಾಸ್ ಸಿಲಿಂಡರಿನವನು. ಒಂದು ಗಂಟೆಗೆ ಊರಿನಿಂದ ಬಂದ ಒಂದು ಫೋನು. ಎರಡಕ್ಕೆ ಇನ್ನೊಂದು ಫೋನು. ಮೂರಕ್ಕೆ ಶಾಲೆಯಿಂದ ಮಗು. ಎಲ್ಲ ಕೂಡಿ ಮೂರು ಗಂಟೆಯ ನಿದ್ದೆ, ಅದೂ ತುಂಡುತುಂಡಾಗಿ. ಎರಡು ಗಂಟೆಯ ಆ ಫೋನು ಮಾಡಿದವನು ನಾನೇ. ಕರೆಂಟ್ ಬಿಲ್ಲು ಎಲ್ಲಿದೆಯೆಂದು ಕಾಲೇಜಿನಿಂದ ಕೇಳಿದ್ದೆ.

ಮೈಯೊಳಗಿನ ಗಡಿಯಾರ

ಹಗಲಿನಲ್ಲಿ ಮಲಗಲು ಬಿಟ್ಟರೂ ನಿದ್ದೆಯೇಕೆ ಬರುವುದಿಲ್ಲ? ಇದಕ್ಕೆ ಉತ್ತರ ಹುಡುಕಿದವರ ಕಥೆ ಒಂದು ಗಿಡದಿಂದ ಆರಂಭವಾಗುತ್ತದೆ. ನಮ್ಮ ಮಕ್ಕಳು ಬೆರಳು ತಾಗಿಸಿ ನಲಿಯುವ ಮುಟ್ಟಿದರೆ ಮುನಿಯ ಜಾತಿಯ ಗಿಡ ರಾತ್ರಿ ಎಲೆ ಮಡಚಿ ಹಗಲಲ್ಲಿ ಬಿಚ್ಚುತ್ತದಷ್ಟೆ. ಫ್ರಾನ್ಸಿನ ದ ಮೆರಾನ್ ಎಂಬ ವಿದ್ವಾಂಸ ಅಂತಹ ಗಿಡವನ್ನು ಬಿಸಿಲೇ ಸೋಕದ ಕತ್ತಲೆಯಲ್ಲಿಟ್ಟು ನೋಡಿದ. ಸೂರ್ಯನನ್ನು ಕಾಣದೆಯೂ ಅದು ಹೊತ್ತಿಗೆ ಸರಿಯಾಗಿ ಎಲೆ ಬಿಚ್ಚುತ್ತಿತ್ತು, ಹೊತ್ತಿಗೆ ಸರಿಯಾಗಿ ಮಡಚುತ್ತಿತ್ತು. ಇದು ೧೭೨೯ರ ಮಾತು. ಹಗಲಿರುಳಿನ ಲೆಕ್ಕ ಜೀವಿಯ ಒಳಗೇ ಇದೆಯೆಂಬುದಕ್ಕೆ ಅದು ಮೊದಲ ಸುಳಿವು.

ಮನುಷ್ಯನಲ್ಲಿ ಈ ಗಡಿಯಾರದ ಮುಖ್ಯ ಸ್ಥಾನ ಮಿದುಳಿನ ಬುಡದಲ್ಲಿದೆ. ಎರಡು ಕಣ್ಣುಗಳಿಂದ ಬರುವ ನರಗಳು ಒಂದನ್ನೊಂದು ದಾಟುವ ಜಾಗದ ಸ್ವಲ್ಪ ಮೇಲ್ಗಡೆ ಸುಮಾರು ೨೦,೦೦೦ ನರಕೋಶಗಳ ಪುಟ್ಟ ಗುಂಪೊಂದಿದೆ. ಕಣ್ಣು ಕಂಡ ಬೆಳಕನ್ನು ಆಧರಿಸಿ ಅದು ದಿನದಿನವೂ ತನ್ನ ಮುಳ್ಳನ್ನು ತಿದ್ದಿಕೊಳ್ಳುತ್ತದೆ. ಕತ್ತಲಾದ ಮೇಲೆ ಮೆಲಟೋನಿನ್ ಎಂಬ ರಸ ರಕ್ತಕ್ಕೆ ಸೇರುವುದು, ಬೆಳಗಿನ ಜಾವ ನಾಲ್ಕೈದು ಗಂಟೆಗೆ ಮೈಯ ಕಾವು ತೀರ ಇಳಿಯುವುದು, ಹೊತ್ತೇರಿದಂತೆ ಕಾವೂ ಏರುವುದು, ಎಲ್ಲವೂ ಅದರ ಅಪ್ಪಣೆ. ಈ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆಂಬುದನ್ನು ಹಣ್ಣಿನ ನೊಣಗಳಲ್ಲಿ ಕಂಡುಹಿಡಿದ ಹಾಲ್, ರಾಸ್‌ಬಾಷ್ ಮತ್ತು ಯಂಗ್ ಎಂಬ ಅಮೆರಿಕದ ಮೂವರು ವಿಜ್ಞಾನಿಗಳಿಗೆ ೨೦೧೭ರಲ್ಲಿ ನೊಬೆಲ್ ಬಹುಮಾನ ಬಂದಿತು.

ನನ್ನಾಕೆಯ ಕೈ ತಪ್ಪಿದ್ದು ನಾಲ್ಕು ಗಂಟೆಗೆ. ಮೈಯ ಕಾವೂ ಮನಸ್ಸಿನ ಚುರುಕೂ ಪಾತಾಳಕ್ಕೆ ಇಳಿದಿರುವ ಹೊತ್ತು ಅದು. ಆಕೆ ಹಾಸಿಗೆಗೆ ಒರಗುತ್ತಿದ್ದುದು ಹನ್ನೊಂದಕ್ಕೆ. ಕಾವು ಮೇಲೇರುತ್ತ "ಏಳು, ಏಳು" ಎಂದು ಮೈಯೇ ಕೂಗುವ ಹೊತ್ತು ಅದು. ದುಡಿಯುವಾಗ ಮೈ ಮಲಗೆನ್ನುತ್ತದೆ, ಮಲಗಿದಾಗ ಏಳೆನ್ನುತ್ತದೆ. ರಾತ್ರಿಪಾಳಿಯ ಸಂಕಟವೆಲ್ಲ ಈ ಒಂದು ಮಾತಿನಲ್ಲಿದೆ.

ಅಭ್ಯಾಸವಾದರೆ ಸರಿಹೋಗುತ್ತದೆ ಎನ್ನುವವರುಂಟು. ೧೯೩೮ರಲ್ಲಿ ಅಮೆರಿಕದ ಕ್ಲೈಟ್‌ಮನ್ ಎಂಬ ನಿದ್ರಾಶಾಸ್ತ್ರಜ್ಞರು ತಮ್ಮ ಶಿಷ್ಯ ರಿಚರ್ಡ್‌ಸನ್ನನೊಡನೆ ಕೆಂಟಕಿಯ ಮಹಾಗುಹೆಯೊಂದರಲ್ಲಿ ೩೨ ದಿನ ಕಳೆದರು. ಹಗಲಿಲ್ಲ, ಇರುಳಿಲ್ಲ. ಅಲ್ಲಿ ಅವರು ೨೪ ಗಂಟೆಗೆ ಬದಲಾಗಿ ೨೮ ಗಂಟೆಯ ದಿನವನ್ನು ಆಚರಿಸಿ ನೋಡಿದರು. ಇಪ್ಪತ್ತರ ಪ್ರಾಯದ ಶಿಷ್ಯ ಒಂದು ವಾರದಲ್ಲಿ ಅದಕ್ಕೆ ಹೊಂದಿಕೊಂಡ. ನಲವತ್ತು ದಾಟಿದ ಗುರುವಿಗೆ ಕೊನೆಯವರೆಗೂ ಅದು ಸಾಧ್ಯವಾಗಲಿಲ್ಲ. ಕೆಲವರ ಮೈ ಬಗ್ಗುತ್ತದೆ, ಕೆಲವರದು ಬಗ್ಗುವುದಿಲ್ಲ. ಬಗ್ಗದಿದ್ದರೆ ಅದು ಸೋಮಾರಿತನವಲ್ಲ.

ಇರುಳನ್ನು ಹಗಲು ಮಾಡಿದ ದೀಪ

ಹಳ್ಳಿಯಲ್ಲಿ ಕಣ ಕಾಯುವವರು, ಗಾಡಿ ಹೊಡೆಯುವವರು ಹಿಂದೆಯೂ ರಾತ್ರಿ ಎದ್ದಿರುತ್ತಿದ್ದರು. ಆದರೆ ಸಾವಿರಾರು ಜನ ಸರದಿಯ ಮೇಲೆ ಇರುಳೆಲ್ಲ ದುಡಿಯುವಂತಾದದ್ದು ಯಂತ್ರಗಳೂ ದೀಪವೂ ಬಂದ ಮೇಲೆ. ೧೯೦೨ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಹೊರಟ ವಿದ್ಯುತ್ತು ಮೊದಲು ಮುಟ್ಟಿದ್ದು ರಾಜಧಾನಿಯನ್ನಲ್ಲ, ಕೋಲಾರದ ಚಿನ್ನದ ಗಣಿಗಳನ್ನು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ಮೂರು ವರ್ಷಗಳ ಅನಂತರ, ೧೯೦೫ರಲ್ಲಿ. ೨೦೦೧ರಲ್ಲಿ ಮುಚ್ಚುವವರೆಗೂ ಆ ಗಣಿಗಳಲ್ಲಿ ಜನ ಪಾಳಿಯ ಮೇಲೆ ಇಳಿಯುತ್ತಿದ್ದರು. ನೆಲದಡಿಯಲ್ಲಿ ಹಗಲೇನು, ಇರುಳೇನು! ಇಂದು ಆಸ್ಪತ್ರೆ, ರೈಲು, ಪೊಲೀಸು, ಪತ್ರಿಕೆ, ಕಾರ್ಖಾನೆ, ಕಡಲಾಚೆಯ ಗ್ರಾಹಕರಿಗೆ ಉತ್ತರಿಸುವ ಕಂಪನಿಗಳು, ಇವುಗಳಲ್ಲಿ ದುಡಿಯುವವರೊಬ್ಬರಾದರೂ ಇಲ್ಲದ ಬೀದಿ ಬೆಂಗಳೂರಿನಲ್ಲಿ ವಿರಳ.

ಇದರ ಬೆಲೆ ಸಣ್ಣದಲ್ಲ. ಸತತವಾಗಿ ೧೭ ಗಂಟೆ ಎಚ್ಚರವಾಗಿದ್ದವನ ಕೈಚಳಕ, ರಕ್ತದಲ್ಲಿ ಶೇಕಡ ೦.೦೫ರಷ್ಟು ಮದ್ಯವಿರುವವನ ಕೈಚಳಕಕ್ಕೆ ಸಮನಾಗುತ್ತದೆಂದು ೧೯೯೭ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ನಮ್ಮ ದೇಶದಲ್ಲಿ ವಾಹನ ನಡೆಸುವವರಿಗೆ ಕಾನೂನು ಹಾಕಿರುವ ಮಿತಿ ಶೇಕಡ ೦.೦೩. ಮಧ್ಯಾಹ್ನ ಮೂರಕ್ಕೆ ಎದ್ದ ನನ್ನಾಕೆ ಮರುದಿನ ಬೆಳಿಗ್ಗೆ ಎಂಟಕ್ಕೆ ಸ್ಕೂಟರ್ ಏರುವಾಗ ಸರಿಯಾಗಿ ಹದಿನೇಳು ಗಂಟೆ! ಒಂದು ತೊಟ್ಟು ಕುಡಿಯದೆ ಕುಡಿದವಳಂತೆ ಆಕೆ ಬೆಂಗಳೂರಿನ ಬೆಳಗಿನ ವಾಹನಗಳ ನಡುವೆ ಬರುತ್ತಿದ್ದಳೆಂಬುದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ. ಗಡಿಯಾರವನ್ನು ಕೆಡಿಸುವ ರಾತ್ರಿಪಾಳಿ ಬಹುಶಃ ಕ್ಯಾನ್ಸರಿಗೂ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ೨೦೦೭ರಲ್ಲಿ ಹೇಳಿ, ೨೦೧೯ರಲ್ಲಿ ಆ ಅಭಿಪ್ರಾಯವನ್ನೇ ಎತ್ತಿಹಿಡಿಯಿತು. ರಾತ್ರಿ ದುಡಿದವರಿಗೆಲ್ಲ ರೋಗ ಬರುತ್ತದೆಂದು ಇದರ ಅರ್ಥವಲ್ಲ. ಉದಾಸೀನ ಸಲ್ಲದೆಂದು ಅರ್ಥ.

ಅಮ್ಮನೂ ವಾಗ್ಭಟನೂ

ಮನೆಯಲ್ಲಿ ಎದುರಾದ ಮೊದಲ ತೊಡಕು ನನ್ನ ತಾಯಿ. ಸೊಸೆಯ ಮೇಲೆ ಅವರಿಗೆ ಅಕ್ಕರೆಯಿಲ್ಲದೆ ಇಲ್ಲ. ಆದರೆ ಹಗಲು ಹೊತ್ತು ಹೆಂಗಸರು ಮಲಗಿದರೆ ಮನೆಗೆ ಶ್ರೇಯಸ್ಸಲ್ಲವೆಂಬುದು ಅವರು ಬಾಲ್ಯದಿಂದ ಕೇಳಿಕೊಂಡು ಬಂದ ಮಾತು. ನನ್ನಾಕೆ ಬಂದೊಡನೆ ಮಲಗದೆ ಒಲೆಯ ಮುಂದೆ ನಿಲ್ಲುತ್ತಿದ್ದುದಕ್ಕೆ ಅತ್ತೆ ಬಾಯಿಬಿಟ್ಟು ಏನೂ ಹೇಳಬೇಕಾಗಿರಲಿಲ್ಲ. ಅವರ ಮೌನವೇ ಸಾಕಾಗುತ್ತಿತ್ತು.

ನೊಬೆಲ್ ಬಹುಮಾನದ ಮಾತು ಅಮ್ಮನ ಮುಂದೆ ನಡೆಯುವಂತಿರಲಿಲ್ಲ. ಕಪಾಟಿನಲ್ಲಿದ್ದ ಅಷ್ಟಾಂಗಹೃದಯವನ್ನು ತೆಗೆದೆ. ಆಹಾರ, ನಿದ್ರೆ, ಬ್ರಹ್ಮಚರ್ಯ, ಇವು ಮೂರು ದೇಹವೆಂಬ ಮನೆಗೆ ಆಧಾರಕಂಬಗಳೆಂದು ನಮ್ಮ ಆಯುರ್ವೇದ ಹೇಳುತ್ತದೆ. ಹಗಲು ನಿದ್ದೆ ಸಾಮಾನ್ಯವಾಗಿ ಹಿತವಲ್ಲವೆಂದು ಹೇಳುವ ಆಚಾರ್ಯರೇ ಇರುಳು ಎಚ್ಚರವಾಗಿದ್ದವರಿಗೆ ವಿನಾಯಿತಿ ಕೊಟ್ಟಿದ್ದಾರೆ. ಜಾಗರಣೆ ಮಾಡಬೇಕಾಗಿ ಬಂದರೆ, ತಪ್ಪಿಹೋದ ನಿದ್ದೆಯ ಅರ್ಧದಷ್ಟು ಕಾಲ, ಬೆಳಿಗ್ಗೆ ಉಣ್ಣುವ ಮೊದಲೇ ಮಲಗಬೇಕೆಂಬುದು ವಾಗ್ಭಟನ ವಿಧಿ. ಓದಿ ಅರ್ಥ ಹೇಳಿದೆ. ಅಮ್ಮ ಕನ್ನಡಕ ತೆಗೆದಿಟ್ಟು, "ಇಷ್ಟು ದಿನ ಆ ಪುಸ್ತಕ ಕಪಾಟಿನಲ್ಲೇ ಇತ್ತೇನೋ? ಮೊದಲೇ ಹೇಳಬಾರದಾಗಿತ್ತೆ?" ಎಂದು ನನ್ನನ್ನೇ ಗದರಿದರು.

ಮರುದಿನದಿಂದ ಬಾಗಿಲು ಕಾಯುವ ಕೆಲಸ ಅವರದಾಯಿತು. ಹೂವಿನವಳು ಕೂಗುವ ಮುನ್ನವೇ ಅಮ್ಮ ಗೇಟಿನಲ್ಲಿ ನಿಂತು "ಶ್" ಎನ್ನುತ್ತಾರೆ. ಆ "ಶ್" ಕೆಲವೊಮ್ಮೆ ಹೂವಿನವಳ ಕೂಗಿಗಿಂತ ಜೋರಾಗಿರುತ್ತದೆಂಬುದು ಬೇರೆ ಮಾತು.

ನಾವು ಮಾಡಿಕೊಂಡ ಏರ್ಪಾಡು

ವಾಗ್ಭಟನ ಅರ್ಧದ ಲೆಕ್ಕ ಎಂದಾದರೊಮ್ಮೆ ಜಾಗರಣೆ ಮಾಡಿದವರಿಗೆ ಸಾಕಾದೀತು. ಸಾಲಾಗಿ ನಾಲ್ಕೈದು ರಾತ್ರಿ ದುಡಿಯುವವರಿಗೆ ದಿನಕ್ಕೆ ಏಳು ಗಂಟೆಯ ನಿದ್ದೆಯಾದರೂ ಕೂಡಬೇಕು. ಒಂದೇ ಸಲಕ್ಕೆ ಅಷ್ಟು ದಕ್ಕದು. ಆದ್ದರಿಂದ ಎರಡು ಕಂತು ಮಾಡಿದೆವು. ಬೆಳಿಗ್ಗೆ ಒಂಬತ್ತರಿಂದ ಎರಡೂವರೆಯವರೆಗೆ ಒಂದು, ಸಂಜೆ ಹೊರಡುವ ಮೊದಲು ಒಂದೂವರೆ ಗಂಟೆ ಇನ್ನೊಂದು. ಬೆಳಗಿನ ಅಡುಗೆ ಈಗ ನನ್ನದು. ನಾನು ಮಾಡುವ ಸಾರಿನ ರುಚಿಯನ್ನು ಕುರಿತು ಮನೆಯವರು ಉದಾರ ದೃಷ್ಟಿ ತಾಳಿದ್ದಾರೆ.

ಮಲಗುವ ಕೋಣೆಗೆ ಬೆಳಕು ನುಸುಳದಂತೆ ದಪ್ಪ ಕಪ್ಪು ಪರದೆ ಹಾಕಿಸಿದೆವು. ಆಕೆಯ ಫೋನು ಮಲಗುವ ಹೊತ್ತಿನಲ್ಲಿ ಅಮ್ಮನ ವಶದಲ್ಲಿರುತ್ತದೆ. ಹಸಿದು ಮಲಗಿದರೂ ನಿದ್ದೆ ಕೆಡುತ್ತದೆ, ಹೊಟ್ಟೆ ಬಿರಿಯ ಉಂಡರೂ ಕೆಡುತ್ತದೆ. ಎರಡು ಇಡ್ಲಿ, ಒಂದು ಲೋಟ ಹಾಲು ಸಾಕು. ಮುಖ್ಯವಾದ ಊಟ ಕೆಲಸಕ್ಕೆ ಹೊರಡುವ ಮೊದಲೇ ಆಗಬೇಕು. ನಡುರಾತ್ರಿಯಲ್ಲಿ ಜಠರವೂ ಮಲಗಿರುತ್ತದಾಗಿ ಆಗ ಒಂದು ಹಣ್ಣು, ಒಂದಿಷ್ಟು ಮಜ್ಜಿಗೆ. ಕಾಫಿಯ ಸತ್ವ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಹಿಡಿಯುತ್ತದೆ. ಆದ್ದರಿಂದ ರಾತ್ರಿ ಎರಡರ ಮೇಲೆ ಕಾಫಿಯಿಲ್ಲ. ಈ ನಿಯಮಕ್ಕೆ ಆಕೆ ಒಪ್ಪಲು ಎರಡು ವಾರ ಬೇಕಾಯಿತು.

ಸ್ಕೂಟರ್ ಬಿಟ್ಟು ಬಸ್ಸಿನಲ್ಲಿ ಬರುತ್ತಾಳೆ. ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ಗಡಿಯಾರ "ಬೆಳಗಾಯಿತು" ಎಂದು ಮುಳ್ಳು ತಿರುಗಿಸುತ್ತದೆ. ಅದನ್ನು ತಪ್ಪಿಸಲು ಬಸ್ಸಿನಲ್ಲಿ ಕಪ್ಪು ಕನ್ನಡಕ. ಸಿನಿಮಾ ತಾರೆ ಬಂದಳೆಂದು ಎದುರುಮನೆಯವರು ನಗುತ್ತಾರೆ, ನಗಲಿ. ಇನ್ನು ವಾರ್ಡಿನಲ್ಲಿ ಆಕೆಯೂ ಜೊತೆಯ ದಾದಿಯೂ ಒಂದು ಕ್ರಮ ಮಾಡಿಕೊಂಡಿದ್ದಾರೆ. ಬೆಳಗಿನ ಜಾವ ಯಾವ ಔಷಧವನ್ನು ಕೊಡುವಾಗಲೂ ಒಬ್ಬರು ಚೀಟಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಸೀಸೆಯನ್ನು ನೋಡಬೇಕು.

ಇಷ್ಟು ಮಾಡಿಯೂ ತಿಂಗಳುಗಟ್ಟಲೆ ನಿದ್ದೆ ಬಾರದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಅಂಗಡಿಯಿಂದ ನಿದ್ದೆಯ ಗುಳಿಗೆ ತಂದು ನುಂಗುವುದು ಮಾತ್ರ ಬೇಡ.

ಕೆಲಸ ಕೊಡುವವರಿಗೊಂದು ಮಾತು

ಎಲ್ಲ ಭಾರವನ್ನೂ ದುಡಿಯುವವರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಮನುಷ್ಯನ ಒಳಗಡಿಯಾರ ೨೪ ಗಂಟೆಗಿಂತ ಕೊಂಚ ನಿಧಾನ. ಆದ್ದರಿಂದ ಮಲಗುವ ಹೊತ್ತನ್ನು ಮುಂದೂಡುವುದು ಸುಲಭ, ಹಿಂದಕ್ಕೆ ಎಳೆಯುವುದು ಕಷ್ಟ. ಬೆಳಿಗ್ಗೆ, ಆಮೇಲೆ ಮಧ್ಯಾಹ್ನ, ಆಮೇಲೆ ರಾತ್ರಿ, ಹೀಗೆ ಪಾಳಿ ತಿರುಗಿದರೆ ಮೈ ಸಹಿಸುತ್ತದೆ. ತಲೆಕೆಳಗಾದರೆ ನಲುಗುತ್ತದೆ. ಅಮೆರಿಕದ ಯೂಟಾ ಪ್ರಾಂತದ ಲವಣ ಕಾರ್ಖಾನೆಯೊಂದರಲ್ಲಿ ಪಾಳಿಯ ದಿಕ್ಕನ್ನು ಹೀಗೆ ತಿರುಗಿಸಿ, ಮೂರು ವಾರಕ್ಕೊಮ್ಮೆ ಬದಲಿಸಿದಾಗ, ಕೆಲಸಗಾರರ ಆರೋಗ್ಯವೂ ಹೆಚ್ಚಿತು, ಉತ್ಪನ್ನವೂ ಹೆಚ್ಚಿತು. ಆ ವರದಿ ಬಂದದ್ದು ೧೯೮೨ರಲ್ಲಿ. ನಡುರಾತ್ರಿ ದಾಟುವ ಪಾಳಿಯವರ ರಜೆಯ ದಿನವನ್ನು ಪಾಳಿ ಮುಗಿದ ಗಳಿಗೆಯಿಂದ ೨೪ ಗಂಟೆ ಎಂದು ಎಣಿಸಬೇಕೆಂದು ನಮ್ಮ ೧೯೪೮ರ ಕಾರ್ಖಾನೆ ಕಾಯಿದೆಯೇ ವಿಧಿಸಿತ್ತು. ರಾತ್ರಿ ದುಡಿದವನ ದಿನ ಪಂಚಾಂಗದ ದಿನವಲ್ಲವೆಂಬುದನ್ನು ಆ ಕಾಯಿದೆ ಬರೆದವರು ಅರಿತಿದ್ದರು. ಅಷ್ಟು ಅರಿವು ಪಾಳಿಯ ಪಟ್ಟಿ ಬರೆಯುವ ಪ್ರತಿಯೊಬ್ಬರಿಗೂ ಇರಲಿ.

ಜನಪದರು ಹೇಳುವ ಒಂದು ಕಥೆಯಿದೆ. ಅಣ್ಣ ಅತ್ತಿಗೆಯರನ್ನು ಕಾಯಲು ಲಕ್ಷ್ಮಣ ಹದಿನಾಲ್ಕು ವರ್ಷ ಕಣ್ಣು ಮುಚ್ಚಲಿಲ್ಲ. ನಿದ್ರಾದೇವಿ ಬಂದು, ನಿನ್ನ ಪಾಲಿನ ನಿದ್ದೆಯನ್ನು ಯಾರಾದರೂ ಹೊರಬೇಕಲ್ಲ ಎಂದಾಗ ಅಯೋಧ್ಯೆಯಲ್ಲಿದ್ದ ಊರ್ಮಿಳೆ ಅದನ್ನು ಹೊತ್ತಳಂತೆ. ಕಾಡಿನಲ್ಲಿ ಎಚ್ಚರವಾಗಿದ್ದವನನ್ನು ಎಲ್ಲರೂ ಹೊಗಳಿದರು. ಆ ಎಚ್ಚರದ ಸಾಲವನ್ನು ತೀರಿಸಿದವಳು ಮನೆಯಲ್ಲಿದ್ದಳು.

ನಮ್ಮ ಮನೆಯಲ್ಲಿ ಪಾತ್ರಗಳು ಅದಲುಬದಲಾಗಿವೆ. ಯಾರ ನಿದ್ದೆಯನ್ನೂ ಯಾರೂ ಮಲಗಿ ತೀರಿಸಲಾಗದೆಂದು ಬಲ್ಲೆ. ಆದರೆ ಆ ನಿದ್ದೆಗೆ ಬಾಗಿಲು ಕಾಯಬಹುದು, ಒಲೆಯ ಮುಂದೆ ನಿಲ್ಲಬಹುದು, ಎರಡು ಗಂಟೆಗೆ ಫೋನು ಮಾಡದೆ ಇರಬಹುದು. ಕರೆಂಟ್ ಬಿಲ್ಲು ಎಲ್ಲಿರುತ್ತದೆಂದು ಈಗ ನನಗೆ ಗೊತ್ತಿದೆ.